ರೇಣುಕಮ್ಮ ಬೇಡವೆಂದ ಚಂದಾ

ಧರ್ಮಪುರ ಸೀಮೆಯ ಕುರಿಗಾರರಿಗೆ ಪಶು ಆಸ್ಪತ್ರೆ ಅಂದರೆ ರೇಣುಕಮ್ಮ. ಮೂರು ಆಸ್ಪತ್ರೆಗೆ ಡಾಕ್ಟರು ಒಬ್ಬರೇ. ಹಾಗಾಗಿ ಹದಿನಾಲ್ಕು ವರ್ಷದಿಂದ ಗುತ್ತಿಗೆ ಸಹಾಯಕಿಯಾಗಿದ್ದ ಅವಳೇ ಐಸ್ ಡಬ್ಬಿ ಹೆಗಲಿಗೇರಿಸಿ, ದೊಡ್ಡಿಯಿಂದ ದೊಡ್ಡಿಗೆ ನಡೆದು ಕುರಿಗಳಿಗೆ ಲಸಿಕೆ ಹಾಕುತ್ತಿದ್ದಳು.

ಕಳೆದ ಏಪ್ರಿಲ್‌ನಲ್ಲಿ ವೆಚ್ಚ ಕಡಿತವೆಂದು ತಾಲ್ಲೂಕಿನ ಹನ್ನೊಂದು ಗುತ್ತಿಗೆ ಹುದ್ದೆಗಳು ರದ್ದಾದವು. ಸುದ್ದಿ ಮೊಬೈಲಿಗೆ ಬಂತು, ಎರಡೇ ಸಾಲು. ಅವಳು ಡಬ್ಬಿ ತೊಳೆದು ಒಣಗಿಸಿ, ಬೀಗದ ಕೈ ಒಪ್ಪಿಸಿ ಮನೆಗೆ ಬಂದಳು. ಮಗಳು ಅಂಜಲಿ ಹಿರಿಯೂರಿನ ಕಾಲೇಜಿನಿಂದ ಬರುವವರೆಗೂ ಅಳಲಿಲ್ಲ. ಮುಂದಿನ ವಾರದಿಂದ ಶೇಂಗಾ ಮಿಲ್ಲಿಗೆ ಕೂಲಿಗೆ ಹೋದಳು.

ಮಳೆಗಾಲಕ್ಕೆ ಮುಂಚೆ ಹಾಕಬೇಕಿದ್ದ ಕರುಳುಬೇನೆ ಲಸಿಕೆ ಆ ವರ್ಷ ಯಾರೂ ಹಾಕಲಿಲ್ಲ. ಜೂನ್‌ನಲ್ಲಿ ಹಿರಿಯ ಕುರಿಗಾರ ಕರಿಸಿದ್ದಪ್ಪನ ಹಿಂಡಿನಲ್ಲಿ ಒಂದೇ ವಾರದಲ್ಲಿ ಒಂಬತ್ತು ಮರಿ ಸತ್ತವು. ಮುದುಕ ನಾಲ್ವರು ಕುರಿಗಾರರೊಂದಿಗೆ ಅವಳ ಮನೆಗೆ ಬಂದ.

"ನೋಡವ್ವ, ನಾವೇ ಚಂದಾ ಎತ್ತಿ ನಿನ್ ಸಂಬಳ ಕೊಡ್ತೀವಿ. ಮೊದ್ಲಿನಂಗೆ ಬಾ."

ರೇಣುಕಮ್ಮನಿಗೆ ಆ ಸಂಬಳ ಬೇಕೇ ಇತ್ತು. ಆದರೂ ಬೇಡವೆಂದು ತಲೆಯಾಡಿಸಿದಳು.

"ಬ್ಯಾಡಜ್ಜ. ನೀವು ಚಂದಾ ಎತ್ತಿದ್ರೆ, ಮೇಲಿನೋರು 'ನಾವು ಸಂಬಳ ಕೊಡದಿದ್ರೂ ನಡೀತೈತೆ' ಅಂತ ಸುಮ್ನಾಗ್ತಾರೆ. ಓಟು ಹಾಕೀರಿ, ಬೆಂಕಿಪೊಟ್ಣ ತಗಂಡ್ರೂ ತೆರಿಗೆ ಕಟ್ತೀರಿ. ಗ್ರಾಮಸಭೆಗೆ ಬಂದು ಕೇಳ್ರಿ."

"ನಮ್ಮಂಥೋರ ಮಾತು ಯಾರವ್ವ ಕೇಳ್ತಾರೆ?"

"ಒಂದ್ಸಲಾನೂ ಹೋಗಿಲ್ವಲ್ಲ, ಹೆಂಗ್ ಗೊತ್ತು?"

ಮೂವತ್ತು ಜನ ಸೇರಿದರೆ ಹೆಚ್ಚು ಎನ್ನುವ ಗ್ರಾಮಸಭೆಗೆ ಆ ಸಲ ಮುನ್ನೂರು ಜನ ಬಂದರು. ಕುರ್ಚಿ ಸಾಲದೆ ಕಂಬಳಿ ಹಾಸಿ ಕುಳಿತರು. ಪಂಚಾಯ್ತಿ ಅಧಿಕಾರಿ ಗುರುರಾಜ್ ಹಣೆ ಒರೆಸಿಕೊಂಡು, "ಇದು ನಮ್ ಕೈಯಾಗಿಲ್ರಿ" ಎಂದ.

ರೇಣುಕಮ್ಮ ಎದ್ದಳು. "ಯಾರ ಕೈಯಾಗೈತೋ ಅವ್ರಿಗೆ ಬರೀರಿ ಸಾರ್. ನಂದೊಂದೇ ಅಲ್ಲ, ಹನ್ನೊಂದು ಕೆಲ್ಸಾನೂ ವಾಪಸ್ ಬೇಕು. ಬರ್ದಿದ್ದನ್ನ ಗಟ್ಟಿಯಾಗಿ ಓದ್ರಿ, ಕೇಳಿಸ್ಕಂಡು ಸಹಿ ಹಾಕ್ತೀವಿ."

ಕರಿಸಿದ್ದಪ್ಪ ಮೊದಲು ಕೈ ಎತ್ತಿದ. ಆಮೇಲೆ ಸಭೆಯೇ ಕೈ ಎತ್ತಿತು. ಗುರುರಾಜ್ ಬರೆದು ಗಟ್ಟಿಯಾಗಿ ಓದಿದ ಆ ನಡಾವಳಿಯ ನಕಲು ಐಮಂಗಲಕ್ಕೂ ತಾಲ್ಲೂಕಿನ ಇತರ ಪಂಚಾಯ್ತಿಗಳಿಗೂ ಹೋಯಿತು. ಅಲ್ಲಿಯೂ ಹೀಗೆಯೇ ಬರೆಸಿದರು.

ಅಕ್ಟೋಬರ್‌ನಲ್ಲಿ ಹನ್ನೊಂದೂ ಹುದ್ದೆ ಮರಳಿ ಬಂದವು. ಜೊತೆಗೆ ಹೊಸ ನಿಯಮವೂ ಬಂತು: ವಯಸ್ಸು ಮೂವತ್ತೈದು ದಾಟಿರಬಾರದು. ರೇಣುಕಮ್ಮನಿಗೆ ನಲವತ್ತಮೂರು. ಅವಳ ಜಾಗಕ್ಕೆ ಹೊಸದುರ್ಗದ ಬೃಂದಾ ಎಂಬ ಹುಡುಗಿ ಬಂದಳು.

"ಹೋರಾಡಿದ್ದು ನೀನು, ಕೆಲ್ಸ ಇನ್ಯಾರಿಗೋ!" ಎಂದು ಅಂಜಲಿ ಸಿಡುಕಿದಳು.

"ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗ್ತೈತೆ ಕಣೇ. ಆದ್ರೆ ಇನ್ನು ಕುರಿಗೆ ಸೂಜಿ ಬೀಳ್ತೈತಲ್ಲ." ಮರುದಿನ ಮಿಲ್ಲಿಗೆ ರಜೆ ಹಾಕಿ, ಬೃಂದಾಳನ್ನು ಎಲ್ಲ ದೊಡ್ಡಿಗಳಿಗೂ ಕರೆದೊಯ್ದು ತೋರಿಸಿದಳು.

ಜನವರಿಯ ಗ್ರಾಮಸಭೆಗೆ ಕುರಿಗಾರರು ಯಾರೂ ಕರೆಯದೆಯೇ ಬಂದರು. ಕರಿಸಿದ್ದಪ್ಪನೇ ಎದ್ದು ನಿಂತ.

"ಹತ್ತು ವರ್ಷ ದುಡಿದೋರಿಗೆ ವಯಸ್ಸಿನ ನಿಯಮ ಬ್ಯಾಡ. ಬರ್ಕಳ್ರಿ ಸಾರ್, ಆಮೇಲೆ ಗಟ್ಟಿಯಾಗಿ ಓದ್ರಿ."

ಗುರುರಾಜ್ ಆಗಲೇ ಬರೆಯತೊಡಗಿದ್ದ. ಹೆಂಗಸರ ಸಾಲಿನಲ್ಲಿ ರೇಣುಕಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತು, ಅವನು ಓದುವುದನ್ನು ಕೊನೆಯ ಸಾಲಿನವರೆಗೂ ಕೇಳಿದಳು.