ಎಡ ಮಗ್ಗುಲು

ಬೆರಳು ತಣ್ಣಗಿದೆ, ಡಾಕ್ಟರಮ್ಮನ ಬೆರಳು, ಎಡಗಿವಿಯ ಮೇಲಂಚಿನ ಗಂಟನ್ನು ಮುಟ್ಟಿದ್ದೇ ತಡ ಅವಳ ಜೀವ ಬಾಯಿಗೆ ಬಂತು — ಗಂಟು ಕಡಲೆಕಾಳಿನಷ್ಟೂ ಇಲ್ಲ, ನೋವು ಕುಂಬಳಕಾಯಿಯಷ್ಟು — ಇಲ್ಲೇನಾ, ಹೂಂ ಅಲ್ಲೇ, ಎಷ್ಟು ದಿನದಿಂದ, ಎರಡು ತಿಂಗಳು, ಅತ್ತೆ ಇದ್ದಾಗಿನಿಂದ ಅನ್ನುವುದು ಮಾತ್ರ ನಾಲಿಗೆ ತುದಿಗೆ ಬಂದು ವಾಪಸು ಹೋಯಿತು. ಕಾರಣ ಹೇಳುವುದರಲ್ಲಿ ಎಲ್ಲರೂ ಪಂಡಿತರೇ, ಹೊಲಿಗೆ ಅಂಗಡಿಯ ಮಾಸ್ಟರು ಹೇಳಿದ್ದು ಪೆನ್ಸಿಲ್ಲು, ದಿನವಿಡೀ ಕಿವಿಗೆ ಸಿಕ್ಕಿಸ್ಕೊಂಡಿರ್ತೀಯಲ್ಲಮ್ಮ, ಕಿವಿ ಏನು ಗೂಟವಾ. ನಾದಿನಿ ಹೇಳಿದ್ದು ಓಲೆ, ಅಗ್ಗದ್ದು ಹಾಕ್ಕೊಂಡ್ರೆ ಹಿಂಗೇ ಅತ್ತಿಗೆ — ಓಲೆ ಇರುವುದು ಹಾಲೆಯಲ್ಲಿ, ಗಂಟು ಮೇಲೆ, ಆದರೆ ನಾದಿನಿಯ ಹತ್ತಿರ ವಾದ ಮಾಡಿ ಗೆದ್ದವರುಂಟೇ. ಅತ್ತೆ ಮಂಚದ ಮೇಲಿಂದಲೇ, ಕೇಳದ ಕಿವಿ, ಕೆಲಸವಿಲ್ಲದೆ ಕೂತು ಕೂತು ಗಂಟು ಕಟ್ಟಿದೆ ಕಣೆ, ಎಂದು ಬೊಚ್ಚುಬಾಯಲ್ಲಿ ನಕ್ಕು, ನಕ್ಕಿದ್ದಕ್ಕೇ ಉಬ್ಬಸ ಬಂದು, ಬೆನ್ನು ನೀವಬೇಕಾಯಿತು. ಡಾಕ್ಟರಮ್ಮನ ಪ್ರಶ್ನೆ ಇನ್ನೂ ಮುಗಿದಿಲ್ಲ, ಕಾಲ ಹೆಬ್ಬೆರಳು ಊದುತ್ತಾ? ಇಲ್ಲ. ಬಿಸಿಲಲ್ಲಿ ಕೆಲಸವಾ? ಇಲ್ಲ, ಕೂತು ಕಾಜ ಹೊಲಿಯೋದು. ಫೋನು ಈ ಕಡೆ ಒತ್ತಿ ಹಿಡೀತೀರಾ? ಈ ಕಿವಿ ಕೇಳಲ್ಲ ಡಾಕ್ಟ್ರೇ, ಚಿಕ್ಕಂದಿನಲ್ಲೇ ಸೋರಿ ಹೋಯ್ತು. ಓ — ಹಾಗಾದ್ರೆ ಯಾವ ಮಗ್ಗುಲಿಗೆ ಮಲಗ್ತೀರಿ?

ಎಡಕ್ಕೆ, ಏಳು ವರ್ಷದಿಂದ ಎಡಕ್ಕೇ, ಕೇಳದ ಕಿವಿ ದಿಂಬಿಗೆ, ಕೇಳುವ ಕಿವಿ ಪಕ್ಕದ ಕೋಣೆಯ ಅತ್ತೆಗೆ, ಕೂಗಲು ಉಸಿರು ಸಾಲದ ಅತ್ತೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುವುದು, ಒಂದು ಬಡಿದರೆ ನೀರು, ಎರಡಕ್ಕೆ ಬಚ್ಚಲು, ಮೂರಕ್ಕೆ ಉಸಿರು ಕಟ್ಟಿದೆ ಬಾ ಎಂದು, ಗಂಡ ಡೋಲು ಬಾರಿಸಿದರೂ ಏಳುವವನಲ್ಲ, ಅವಳು ಮಾತ್ರ ಮೊದಲ ಟಣ್‌ಗೇ ಎದ್ದು ಕೂರುವಳು, ಒಂದೇ ಕಿವಿಯಾದ್ರೂ ನಾಯಿಕಿವಿ ಕಣೆ ನಿಂದು, ಎಂದು ಅತ್ತೆಯ ಮೆಚ್ಚುಗೆ. ಅದೇ ಕಾರಣ ನೋಡಿ, ಅಂತಿದ್ದಾರೆ ಡಾಕ್ಟರಮ್ಮ, ಅಲ್ಲಿ ಚರ್ಮ ತೆಳು, ಒತ್ತಿ ಒತ್ತಿ ರಕ್ತ ಓಡಲ್ಲ, ಊದ್ಕೊಳ್ಳತ್ತೆ, ಇನ್ಮೇಲೆ ಬಲಕ್ಕೆ ಮಲಗಿ, ಅಷ್ಟೇ. ಅಷ್ಟೇ. ಅಷ್ಟೇ ಅಲ್ಲವೇ ಅವಳು ಮಾಡಿದ್ದು, ಒಂದೇ ಸಲ, ಹೋದ ತಿಂಗಳು, ನೋವು ತಡೆಯಲಾರದೆ ಒಂದು ಗಳಿಗೆ ಅಂತ ಬಲಕ್ಕೆ ಹೊರಳಿದ್ದು, ಲೋಕಕ್ಕೇ ಬಾಗಿಲು ಹಾಕಿದ ಹಾಗೆ ಎಂಥ ನಿಶ್ಶಬ್ದ, ಏಳು ವರ್ಷದ ಬಾಕಿ ನಿದ್ದೆ, ಕಣ್ಣು ಬಿಟ್ಟರೆ ಬೆಳಕು — ಪುಣ್ಯವಂತೆ ಅಮ್ಮ, ನಿದ್ದೆಯಲ್ಲೇ ಹೋದ್ಲು, ಅಂದ ಗಂಡ, ಎಲ್ಲರೂ ಅದನ್ನೇ ಅಂದರು, ಅವಳೂ ತಲೆಯಾಡಿಸಿದಳು, ಮೊದಲು ಒಳಗೆ ಹೋದವಳು ಅವಳೇ ತಾನೆ, ಉರುಳಿದ ಲೋಟ ಎತ್ತಿ ತೊಳೆದಿಟ್ಟವಳೂ. ಈಗ ಬಡಿಯುವವರಿಲ್ಲ, ಆದರೂ ಎಡಕ್ಕೇ, ಹಲ್ಲು ಕಚ್ಚಿಕೊಂಡು ಎಡಕ್ಕೇ.

ಗಂಟಿಗೇ ಒಂದು ಇಂಜೆಕ್ಷನ್ ಕೊಡ್ತೀನಿ, ಮಂಚದ ಮೇಲೆ ಬಲಕ್ಕೆ ತಿರುಗಿ ಮಲಗಿ. ಕೂತೇ ಕೊಡಿ ಡಾಕ್ಟ್ರೇ. ಕೂತ್ರೆ ತಲೆ ಅಲ್ಲಾಡತ್ತಮ್ಮಾ, ಮಲಗಿ, ಎರಡೇ ನಿಮಿಷ. ರಬ್ಬರಿನ ದಿಂಬು, ಔಷಧಿ ವಾಸನೆ, ಬಲಗಿವಿ ಇಳಿಯುತ್ತಿದೆ, ಇಳಿಯಿತು — ಫ್ಯಾನಿನ ಸದ್ದು ಹೋಯಿತು, ಡಾಕ್ಟರಮ್ಮನ ತುಟಿ ಆಡುತ್ತಿದೆ, ಮಾತಿಲ್ಲ, ತಣ್ಣನೆಯ ಬೆರಳು ಮಾತ್ರ, ಅವತ್ತು ಬೆಳಿಗ್ಗೆಯೂ ಇಷ್ಟೇ ತಣ್ಣಗೆ, ಅತ್ತೆಯ ಬೆರಳು, ಮುಷ್ಟಿಯಲ್ಲಿ ಚಮಚ, ಗಂಡ ಏಳುವುದರೊಳಗೆ ಬಿಡಿಸಬೇಕು, ಹೆಬ್ಬೆರಳು ಬಿಡಿಸಿದಳು, ತೋರುಬೆರಳು, ನಡುಬೆರಳು — ಚಮಚ ಬರಲೊಲ್ಲದು, ಚಮಚ