ಸಡಿಲವಾದ ಕೋಟು

ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವ ಕೆಲಸ ಅವಳದು. ಗಿರಾಕಿಗಳ ಬಾಯಲ್ಲಿ ಅವಳು ಕೇಕಮ್ಮ. ಮದುವೆಯ ಮೂರಂತಸ್ತಿನ ಕೇಕಾಗಲಿ, ಮಗುವಿನ ಹುಟ್ಟುಹಬ್ಬದ ಅಂಗೈಯಗಲದ ಕೇಕಾಗಲಿ, ಅವಳ ಕೈ ತಾಗದೆ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ. ಕೆನೆ ಹದಕ್ಕೆ ಬಂತೇ ಎಂದು ಒಂದು ಬೆರಳು ನೆಕ್ಕುವುದು, ಪಾಕ ಸರಿಯಿದೆಯೇ ಎಂದು ಇನ್ನೊಂದು ಬೆರಳು, ಕತ್ತರಿಸಿ ಮಿಕ್ಕ ಅಂಚು ಹಾಳಾಗಬಾರದಲ್ಲ ಎಂದು ಒಂದು ತುಂಡು. ವರ್ಷಗಟ್ಟಲೆ ನೆಕ್ಕಿದ್ದೆಲ್ಲ ಮೈಗೆ ಹತ್ತಿತು. ಅದೂ ದಿನವಿಡೀ ನಿಂತೇ ಮಾಡುವ ಕೆಲಸ. ಕೊನೆಗೊಂದು ದಿನ ಮಂಡಿಯೇ ಕೈಕೊಟ್ಟಿತು.

ಮೂಳೆ ಡಾಕ್ಟರು ಮಂಡಿ ಒತ್ತಿ, ಮಡಿಸಿ, ಎಕ್ಸ್‌ರೇ ತೆಗೆಸಿ ನೋಡಿದರು.

"ಅಮ್ಮಾ, ಮಾತ್ರೆ ಆಮೇಲೆ. ಮೊದಲು ನೀವು ಹಗುರ ಆಗ್ಬೇಕು. ಹಾಗಂತ ಉಪವಾಸ ಬೀಳ್ಬೇಡಿ, ಅದು ನಾಲ್ಕು ದಿನದ ಆಟ. ಹೊಟ್ಟೆ ತುಂಬ ತಿನ್ನಿ, ಬೇಜಾರಾಗದ ಹಾಗೆ ತಿನ್ನಿ, ಆದರೆ ಸರಿಯಾದ್ದು ತಿನ್ನಿ. ದಿನಾ ತೂಕದ ಮೆಷಿನ್ ಹತ್ತಿ ತಲೆ ಕೆಡಿಸ್ಕೋಬೇಡಿ. ಬಟ್ಟೆ ಸಡಿಲ ಆಗ್ತಿದೆಯಾ ನೋಡ್ಕೊಳ್ಳಿ, ಸಾಕು."

"ಇಳೀಲಿಲ್ಲ ಅಂದ್ರೆ?"

"ನಿಂತು ಮಾಡೋ ಕೆಲಸ ಬಿಡ್ಬೇಕಾಗುತ್ತೆ."

ಕೂತು ಹೂ ಬಿಡಿಸಿದರೆ ಕೇಕು ಒಂದೇ ಕಡೆಯಿಂದ ಕಾಣುತ್ತದೆ. ಸುತ್ತ ತಿರುಗಿ ಬಿಡಿಸಿದರೆ ಮಾತ್ರ ಅದು ಅವಳ ಕೇಕು.

ಮನೆಯಲ್ಲಿ ಅವಳೊಂದಿಗೆ ಇದ್ದವರು ಇಬ್ಬರು. ಸಿಟಿ ಬಸ್ಸು ಓಡಿಸುವ ಗಂಡ, ಮತ್ತು ಅವನ ತಂಗಿ. ತಂಗಿ ತನ್ನ ಗಂಡನನ್ನು ಬಿಟ್ಟು ಬಂದ ದಿನ, ಒಳಗೆ ಬಾ ಎಂದು ಕೈಹಿಡಿದು ಕರೆದವಳು ಅಣ್ಣನಲ್ಲ, ಅತ್ತಿಗೆ. ಮುಂದಿನ ಕೋಣೆ ಖಾಲಿ ಮಾಡಿಕೊಟ್ಟು, ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಸಿಕೊಟ್ಟವಳೂ ಅವಳೇ. ಅಂದಿನಿಂದ ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎನ್ನುವವರ ಬಾಯಿಗೆ ಬೀಗ ಬಿದ್ದಿತ್ತು. ನಾದಿನಿ ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು, ಮನೆಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು, ಅತ್ತಿಗೆಯ ಬೇಕರಿಯ ಬಿಳಿ ಕೋಟಿಗಂತೂ ಗಂಜಿ ಹಾಕಿ ಕಾಗದದಂತೆ ಮಡಿಸಿಡುತ್ತಿದ್ದಳು.

ಡಾಕ್ಟರು ಹೇಳಿದ್ದನ್ನು ಕೇಳಿ ನಾದಿನಿ, "ನಾನೂ ನಿಮ್ಮ ಜೊತೆ ಅದನ್ನೇ ತಿಂತೀನಿ ಅತ್ತಿಗೆ. ಒಬ್ಬರೇ ತಿಂದ್ರೆ ಅದು ಪಥ್ಯ, ಇಬ್ಬರು ತಿಂದ್ರೆ ಊಟ" ಎಂದಳು. ಕೇಕಮ್ಮನಿಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು.

ಪಥ್ಯದ ಅಡುಗೆಯೆಂದರೆ ಬೇಯಿಸಿದ ಎಲೆ, ಉಪ್ಪಿಲ್ಲದ ನೀರು ಎಂದುಕೊಂಡವಳಲ್ಲ ಅವಳು. ಅರ್ಧ ಜೀವನ ಜನರ ಕಣ್ಣಿಗೆ ರುಚಿ ಕಟ್ಟಿದವಳು. ಬೇಸರ ಬರುವುದು ನಾಲಿಗೆಗಲ್ಲ, ಹಲ್ಲಿಗೆ ಎಂದು ಅವಳ ಲೆಕ್ಕ. ಎಲ್ಲವೂ ಮೆತ್ತಗಿದ್ದರೆ ಬಾಯಿ ಮುನಿಸಿಕೊಳ್ಳುತ್ತದೆ. ಹಾಗಾಗಿ ಬೆಂದ ಕಾಳಿನ ಪಕ್ಕದಲ್ಲಿ ಕುರುಕಲು ಕೋಸು ಇರಬೇಕು. ಕುಂಬಳಕಾಯಿಯನ್ನು ದಪ್ಪಗೆ ಹೆಚ್ಚಿ, ಕಾಳುಮೆಣಸು ಉದುರಿಸಿ, ಅಂಚು ಕಪ್ಪಾಗುವವರೆಗೆ ಸುಟ್ಟು ಮೇಲೆ ನಿಂಬೆ ಹಿಂಡಿದಳು. ಮರುದಿನ ಅದನ್ನೇ ಬೆಳ್ಳುಳ್ಳಿ ಹಾಕಿ ಸೂಪು ಮಾಡಿ, ಮೇಲೆ ಹುರಿದ ಬೀಜ ಚೆಲ್ಲಿದಳು. ಸೌತೆಕಾಯಿ ತುರಿದು ಮೊಸರಿಗೆ ಬೆರೆಸಿ ತಣ್ಣಗಿಟ್ಟಳು. ಸಿಹಿ ಬೇಕೆನಿಸಿದ ಸಂಜೆ ಸೇಬಿನ ಹೊಟ್ಟೆ ಕೊರೆದು ಚಕ್ಕೆಪುಡಿ ತುಂಬಿ ಒಲೆಯಲ್ಲಿಟ್ಟಾಗ ಮನೆಯೆಲ್ಲ ಘಮ್ಮೆಂದಿತು. ಬೇಕರಿಯಲ್ಲಿ ಬೆರಳು ನೆಕ್ಕುವ ಚಾಳಿ ಬಿಡಲು ಕೈಗೆ ಗವುಸು ಹಾಕಿಕೊಂಡಳು.

ನಾದಿನಿ ತಟ್ಟೆ ನೆಕ್ಕಿ, "ಹೀಗಿದ್ರೆ ಜನ್ಮಪೂರ್ತಿ ಪಥ್ಯ ಮಾಡ್ಬಹುದು" ಎನ್ನುತ್ತಿದ್ದಳು. ಗಂಡನಿಗೆ ಬೇರೆ ಅಡುಗೆ ಮಾಡಲು ಅವಳಿಗೆ ಸಮಯವಿರಲಿಲ್ಲ. ಅವನೂ ಅದನ್ನೇ ತಿನ್ನಬೇಕಾಯಿತು. ತಿನ್ನುತ್ತಿದ್ದ, ಆದರೆ ಮುಖ ಹರಳೆಣ್ಣೆ ಕುಡಿದವನಂತಿರುತ್ತಿತ್ತು.

ಆದರೂ ಬಿಳಿ ಕೋಟು ಮಾತ್ರ ಜಗ್ಗಲಿಲ್ಲ. ವಾರಗಳು ಕಳೆದರೂ ಮೂರನೇ ಗುಂಡಿ ಹೊಟ್ಟೆಯ ಮೇಲೆ ಬಿಗಿದೇ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಅವಳಿಗೆ ಅಳುವೇ ಬಂತು.

"ಇಷ್ಟು ಮಾಡಿದ್ದೂ ನೀರಲ್ಲಿ ಹೋಮ ಆಯ್ತಲ್ಲೇ" ಎಂದಳು ನಾದಿನಿಗೆ.

"ಮೈ ಒಳಗಿಂದ ಇಳಿಯುತ್ತೆ ಅತ್ತಿಗೆ, ಹೊರಗೆ ಕಾಣೋಕೆ ತಡ. ನೋಡ್ತಾ ಇರಿ."

ನೋಡುತ್ತಲೇ ಇದ್ದಳು. ಮುಂದಿನ ವಾರ ಗುಂಡಿ ಸಲೀಸಾಗಿ ಕೂತಿತು. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಮೇಲೆ ಸ್ಕರ್ಟಿನ ಸೊಂಟ ಸಡಿಲವಾಯಿತು. ಇನ್ನೊಂದು ತಿಂಗಳಲ್ಲಿ ಕೋಟಿನೊಳಗೆ ಮುಷ್ಟಿ ತೂರಿಸುವಷ್ಟು ಜಾಗ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವಳು, "ಏನು ಕೇಕಮ್ಮ, ಕೋಟು ಜೋಲಾಡ್ತಿದೆ!" ಎಂದಳು. ಆ ದಿನ ಅವಳು ಬಿಡಿಸಿದ ಗುಲಾಬಿಗಳಿಗೆ ಒಂದೊಂದು ಎಸಳು ಹೆಚ್ಚೇ ಬಂತು.

ಅಂದು ಸಂಜೆ ಗಂಡ ಊಟಕ್ಕೆ ಕೂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಸಾಕು ಬಿಡೇ. ಇನ್ನೂ ಇಳಿದ್ರೆ ಗಾಳಿಗೆ ಹಾರಿ ಹೋಗ್ತೀಯ, ನಾನು ಬಸ್ಸಲ್ಲಿ ಹುಡುಕ್ಕೊಂಡು ಬರ್ಬೇಕು."

"ನಿಜವಾಗ್ಲೂ ಇಳಿದಿದೀನಾ?"

"ಬಟ್ಟೆ ಸುಳ್ಳು ಹೇಳುತ್ತಾ? ನಾಳೆಯಾದ್ರೂ ಬೆಣ್ಣೆ ಹಾಕಿ ಏನಾದ್ರೂ ಮಾಡು, ಪುಣ್ಯ ಬರುತ್ತೆ."

ನಾದಿನಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಗೆದ್ದವರಿಗೆ ಉದಾರ ಬುದ್ಧಿ ಬರುತ್ತದಲ್ಲ, ಕೇಕಮ್ಮನಿಗೂ ಬಂತು. ಬೆಣ್ಣೆ ಬಂತು, ಕರಿದದ್ದು ಬಂತು, ಗವುಸು ಕಳಚಿತು. ಕೋಟು ಸಡಿಲವಾಗಿಯೇ ಇತ್ತಲ್ಲ, ಇನ್ನೇನು ಭಯ? ಮಂಡಿ ಮತ್ತೆ ನೋಯತೊಡಗಿದಾಗ ಚಳಿಗಿರಬೇಕು ಎಂದುಕೊಂಡಳು.

ಡಾಕ್ಟರ ಬಳಿಗೆ ಮತ್ತೆ ಹೋದದ್ದು ಕೆಲಸ ಮುಗಿಸಿ ನೇರವಾಗಿ, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು. ತೂಕದ ಮೆಷಿನ್ ಹತ್ತುವಾಗ ಮದುಮಗಳಂತೆ ನಗುತ್ತಿದ್ದಳು. ಡಾಕ್ಟರು ಮುಳ್ಳನ್ನು ನೋಡಿದರು, ಹಳೆಯ ಚೀಟಿ ನೋಡಿದರು.

"ಮೊದಲಿನಷ್ಟೇ ಇದೆಯಲ್ಲಮ್ಮ. ಸ್ವಲ್ಪ ಹೆಚ್ಚೇ."

"ಮೆಷಿನ್ ಕೆಟ್ಟಿರ್ಬೇಕು ಡಾಕ್ಟ್ರೇ."

ಡಾಕ್ಟರು ತಾವೇ ಹತ್ತಿ ತೋರಿಸಿದರು. ಮೆಷಿನ್ ಕೆಟ್ಟಿರಲಿಲ್ಲ.

"ನೀವು ಹೇಳಿದ ಹಾಗೆ ಬಟ್ಟೆ ನೋಡ್ಕೊಂಡೆ. ಎಲ್ಲಾ ಸಡಿಲ ಆಗಿದೆ!" ಎಂದು ಅವಳು ಕೋಟನ್ನು ಮುಂದಕ್ಕೆ ಹಿಡಿದಳು. ಡಾಕ್ಟರಿಗೆ ಕೋಟು ನೋಡಿ ಏನು ತಿಳಿಯಬೇಕು? ಒಂದು ತಿಂಗಳು ಬಿಟ್ಟು ಬನ್ನಿ, ಆಗಲೂ ಹೀಗೇ ಇದ್ದರೆ ಕೆಲಸದ ಬಗ್ಗೆ ಯೋಚಿಸಲೇಬೇಕು ಎಂದು ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತು ಅವಳು ಕೋಟನ್ನು ಮಗುಚಿದಳು. ಪಕ್ಕದ ಹೊಲಿಗೆಯಲ್ಲಿ ಮಡಿಸಿದ್ದ ಬಟ್ಟೆ ಒಂದಿಷ್ಟೂ ಉಳಿದಿರಲಿಲ್ಲ. ಈಗಿನ ಹೊಲಿಗೆಗಿಂತ ಒಳಗೆ, ಹಿಂದೆ ಹೊಲಿಗೆ ಇದ್ದ ಕಡೆ, ಸೂಜಿ ತೂರಿದ ಸಣ್ಣ ತೂತುಗಳ ಸಾಲು ಇರುವೆ ನಡೆದಂತೆ ಕಂಕುಳಿನಿಂದ ಕೆಳಗಿನವರೆಗೆ ಸಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಒಂದೇ ಸಲ ಬಿಚ್ಚಿದ್ದಲ್ಲ. ಸ್ವಲ್ಪ ಸ್ವಲ್ಪವೇ. ಉಟ್ಟ ಸ್ಕರ್ಟಿನ ಸೊಂಟಕ್ಕೆ ಕೈ ಹಾಕಿ ನೋಡಿದಳು. ಕೊಕ್ಕೆ ಕಿತ್ತು ಮುಂದೆ ಹಾಕಿದ ಗುರುತು ಬೆರಳಿಗೇ ಸಿಕ್ಕಿತು.

ಮನೆಗೆ ಬಂದಾಗ ನಾದಿನಿ ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಕೇಕಮ್ಮ ಕೋಟನ್ನು ಒಳಮಗ್ಗುಲು ಮೇಲೆ ಮಾಡಿ ಯಂತ್ರದ ಮೇಲಿಟ್ಟಳು. ಯಂತ್ರ ನಿಂತಿತು.

"ಯಾವಾಗಿಂದ?"

"ಅತ್ತಿಗೆ..."

"ಯಾವಾಗಿಂದ ಅಂತ ಕೇಳಿದ್ದು."

"ಕನ್ನಡಿ ಮುಂದೆ ನೀವು ಅತ್ರಲ್ಲ, ಅವತ್ತು." ನಾದಿನಿ ಕೋಟಿನ ತೂತುಗಳ ಮೇಲೆ ಬೆರಳಾಡಿಸಿದಳು. "ನೋಡೋಕಾಗ್ಲಿಲ್ಲ. ಒಂದು ಸಲ ಬಿಚ್ಚಿದೆ, ಧೈರ್ಯ ಬರ್ಲಿ ಅಂತ. ಅಷ್ಟಕ್ಕೇ ನಿಲ್ಲಿಸ್ತಿದ್ದೆ ಅತ್ತಿಗೆ, ದೇವರಾಣೆ."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

ನಾದಿನಿ ಪರದೆಯ ನೂಲು ಎಳೆಯುತ್ತ ಕೂತಳು.

"ಅಣ್ಣಂಗೆ ಗೊತ್ತಾಯ್ತು. ಇನ್ನೂ ಸ್ವಲ್ಪ ಬಿಚ್ಚು, ಇಳೀತು ಅಂದ್ಕೊಂಡು ಅವಳೇ ನಿಲ್ಲಿಸ್ತಾಳೆ, ನನಗೂ ಬಾಯಿಗೆ ರುಚಿ ಅಂತ ಸಿಗುತ್ತೆ ಅಂದ."

"ನಿನಗೂ ಅದೇ ಬೇಕಿತ್ತಾ? ತಟ್ಟೆ ನೆಕ್ತಿದ್ಯಲ್ಲೇ!"

"ನನಗೆ ಇಷ್ಟಾನೇ ಇತ್ತು. ಆದ್ರೆ ಅಣ್ಣನ ಮನೇಲಿ ಇರೋಳು ನಾನು."

ಅಣ್ಣನ ಮನೆ. ಕೈಹಿಡಿದು ಒಳಗೆ ಕರೆದವಳ ಎದುರಿಗೇ ಆ ಮಾತು ಬಂತು. ಕೇಕಮ್ಮನಿಗೆ ಬಿಚ್ಚಿದ ಹೊಲಿಗೆಗಿಂತ ಅದು ಹೆಚ್ಚು ನಾಟಿತು.

ಗಂಡ ಬಂದವನು ಇಬ್ಬರ ಮುಖ ನೋಡಿಯೇ ವಿಷಯ ತಿಳಿದ. ನಕ್ಕು ತೇಲಿಸಲು ನೋಡಿದ.

"ತಮಾಷೆಗೆ ಮಾಡಿದ್ದು. ಅದಕ್ಕೆಲ್ಲ ಇಷ್ಟು..."

"ನನ್ನ ಮೂಗಿಗೆ ತುಪ್ಪ ಸವರಿ, ನೀವು ಬೆಣ್ಣೆ ತಿಂದ್ರಿ. ಇದರಲ್ಲಿ ತಮಾಷೆ ಯಾವುದು ರೀ?"

"ಹಸಿರು ಸೊಪ್ಪು ತಿಂದೂ ತಿಂದೂ ನಾನು ಮೇಕೆ ಆಗ್ಬಿಟ್ಟಿದ್ದೆ."

"ಬೇಡ ಅನ್ಬೇಕಿತ್ತು. ಬಾಯಿ ಇತ್ತಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬಸ್ಸಲ್ಲಿ ಊರಿನವರನ್ನೆಲ್ಲ ಬೈಯೋ ಬಾಯಿ!" ಅವಳ ದನಿ ಒಡೆಯಿತು. "ನಾನು ನಿಜವಾಗಿ ಇಳಿದಿದ್ದೆನೋ ಏನೋ. ಎರಡು ಕೆಜಿಯಾದ್ರೂ ಇಳಿದಿದ್ದೆನೋ ಏನೋ. ನಾನು ಇಳಿಸಿದ್ದೆಷ್ಟು, ನೀವು ಬಿಚ್ಚಿದ್ದೆಷ್ಟು ಅಂತ ಇನ್ನು ಯಾರನ್ನ ಕೇಳ್ಲಿ?"

ಅವನು ಟವಲ್ಲು ಎತ್ತಿಕೊಂಡು ಬಚ್ಚಲಿಗೆ ನಡೆದ. ತಪ್ಪಾಯಿತು ಎಂದದ್ದು ಮರುದಿನ ಬೆಳಿಗ್ಗೆ, ಶೂ ಹಾಕಿಕೊಳ್ಳುತ್ತ, ನೆಲ ನೋಡಿ. ಅವಳು ಕೇಳಿಸಿಕೊಂಡಳು, ಅಷ್ಟೇ.

ಅಂದೇ ತನ್ನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಪಕ್ಕದ ಬೀದಿಯ ಟೇಲರನ ಬಳಿ ಒಯ್ದಳು. ಹೊಲಿಗೆ ಮೊದಲು ಎಲ್ಲಿತ್ತೋ ಅಲ್ಲಿಗೇ ತರಬೇಕೆಂದಳು.

"ಹಾಗೆ ಮಾಡಿದ್ರೆ ಗುಂಡಿ ಹಾಕೋಕಾಗಲ್ಲಮ್ಮ. ಅಲ್ಲ, ನಿಮ್ಮ ಮನೇಲೇ ಟೇಲರ್ ಇದಾರಲ್ಲ?"

"ಇದಾರೆ" ಎಂದಳು.

ಗುಂಡಿ ನಿಜಕ್ಕೂ ಕೂರಲಿಲ್ಲ. ಕೋಟಿನ ಗುಂಡಿ ಬಿಟ್ಟುಕೊಂಡೇ, ಮೇಲೊಂದು ಏಪ್ರನ್ ಕಟ್ಟಿ ಕೆಲಸಕ್ಕೆ ಹೋದಳು. ನೋಡಿದವರು ಕೇಳಿದರು. ಕೇಳಲಿ ಎಂದು ಬಿಟ್ಟಳು. ಅಡುಗೆಮನೆಯಲ್ಲಿ ಮತ್ತೆ ಕುಂಬಳ ಸುಟ್ಟಳು, ಕೋಸು ಹೆಚ್ಚಿದಳು. ಟೊಮೆಟೊವನ್ನು ಹುಳಿಗೆ, ಈರುಳ್ಳಿಯನ್ನು ಸಿಹಿಗೆ ಬೇಯಿಸಿ ಮೊಟ್ಟೆ ಒಡೆದು ಹಾಕುವ ಹೊಸ ಅಡುಗೆಯೊಂದನ್ನು ಕಂಡುಕೊಂಡಳು. ಮಾಡುತ್ತಿದ್ದದ್ದು ಒಂದೇ ತಟ್ಟೆಯಷ್ಟು. ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ಒಬ್ಬನೇ ತಿನ್ನುತ್ತಿದ್ದ. ಬಯಸಿದ ಬೆಣ್ಣೆಯೇ ಸಿಕ್ಕಿತ್ತು, ಆದರೂ ಅರ್ಧ ಬಿಡುತ್ತಿದ್ದ. ನಾದಿನಿ ಒಮ್ಮೆ ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ಕೇಕಮ್ಮ ತನ್ನ ಪಾಲಿನ ಅರ್ಧ ಬಡಿಸಿ, ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತಳು. ನಾದಿನಿ ಮತ್ತೆ ತಟ್ಟೆ ಹಿಡಿದು ಬರಲಿಲ್ಲ.

ಮುಂದಿನ ಸಲ ಮೆಷಿನ್ ಹತ್ತುವಾಗ ಕೇಕಮ್ಮ ನಗಲಿಲ್ಲ. ಡಾಕ್ಟರು ನಕ್ಕರು.

"ಬಂತು ನೋಡಿ ದಾರಿಗೆ, ತೂಕ ಇಳಿದಿದೆ! ಹೀಗೇ ಹೋದ್ರೆ ನಿಂತೇ ಕೆಲಸ ಮಾಡ್ಬಹುದು. ಮನೆಯವರಿಗೆಲ್ಲ ಹೇಳಿ, ಖುಷಿ ಪಡ್ತಾರೆ."

ಅವಳು ತಲೆಯಾಡಿಸಿದಳು. ಮುಳ್ಳು ನಿಂತ ಜಾಗವನ್ನು ಇನ್ನೊಮ್ಮೆ ಬಗ್ಗಿ ನೋಡಿ ಇಳಿದಳು.

ಮನೆಯ ಹೊಸ್ತಿಲಲ್ಲಿ ನಾದಿನಿ ಕಾದು ನಿಂತಿದ್ದಳು. ಅವಳ ಕಣ್ಣಲ್ಲಿದ್ದ ಆಸೆ ಸುಳ್ಳಿನದಾಗಿರಲಿಲ್ಲ. ಅದು ಕೇಕಮ್ಮನಿಗೂ ಗೊತ್ತಿತ್ತು.

"ಎಷ್ಟಾಯ್ತು ಅತ್ತಿಗೆ? ಇಳೀತಾ?"

ಹಿಂದೆಯಾಗಿದ್ದರೆ ಬೀದಿಯ ತಿರುವಿನಿಂದಲೇ ಕೂಗಿ ಹೇಳುತ್ತಿದ್ದಳು.

"ಅಷ್ಟೇ ಇದೆ" ಎಂದು ಕೇಕಮ್ಮ ಚಪ್ಪಲಿ ಬಿಟ್ಟು ಒಳಗೆ ನಡೆದಳು.