ಮೇಲ್ಹೊಲದ ಮಣ್ಣು

"ನನ್ನ ಹೊಲದ ಮಣ್ಣು ನಿನ್ನ ಹೊಲದಾಗೈತೆ, ವಾಮದೇವಪ್ಪ. ಅದನ್ನ ಕೇಳಾಕೆ ಬಂದೀನಿ."

ಹತ್ತಿ ಮಂಡಿಯ ಗಾದಿಯ ಮೇಲೆ ಕೂತಿದ್ದ ವಾಮದೇವಪ್ಪನಿಗೆ ಅತ್ತಿಗೆಯ ಮಾತು ತಕ್ಷಣಕ್ಕೆ ತಿಳಿಯಲಿಲ್ಲ. ಮರುಳಸಿದ್ದಮ್ಮ ಬೆಳಗಿನ ರೈಲಿಗೆ ಮಾಯಕೊಂಡದಿಂದ ಬಂದು, ದಾವಣಗೆರೆ ಸ್ಟೇಷನ್ನಿನಿಂದ ನಡೆದೇ ಬಂದಿದ್ದಳು. ಅಣ್ಣ ನಾಗರಾಜಪ್ಪ ತೀರಿಕೊಂಡ ಮೇಲೆ ಆಕೆ ಮಂಡಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಕೂಡ್ರಿ ಅತ್ಗೆಮ್ಮ. ಪಾಲಿಂದೇನಾರ ಮಾತಾ?"

"ಪಾಲು ಮುಗಿದ ಮಾತು. ಮೇಲಿನ ಎಂಟೆಕರೆ ನಮಗೆ, ಕೆಳಗಿನ ಎಂಟೆಕರೆ ನಿನಗೆ. ಆವಾಗ ಎರಡೂ ಒಂದೇ ಥರ ಇದ್ವು. ಈಗ ನನ್ನ ಹೊಲದಾಗೆ ಕುಂಟೆ ಹೊಡೆದ್ರೆ ಬರೇ ಕಲ್ಲಿನ ಸದ್ದು."

"ಮಳೆ ನೀರು ತಂದು ಹಾಕಿದ್ದಕ್ಕೆ ನಾನೇನ್ ಮಾಡ್ಲಿ? ನಾನೇನು ಹೊತ್ಕಂಡು ಬಂದ್ನಾ?"

"ನೀನು ಹೊತ್ಕಂಡು ಬಂದಿ ಅಂತ ಯಾರಂದ್ರು? ಹೊತ್ಕಂಡು ಹೋಗೋಳು ನಾನು. ಬ್ಯಾಸಿಗ್ಯಾಗೆ ಗಾಡಿ ಕಟ್ತೀನಿ. ನೀನು ಹೂಂ ಅನ್ನಬೇಕು, ಅಷ್ಟೆ."

ಬೇರೆ ಯಾರಾದರೂ ಹೀಗೆ ಕೇಳಿದ್ದರೆ ವಾಮದೇವಪ್ಪ ನಕ್ಕು ಕಳಿಸುತ್ತಿದ್ದ. ಆದರೆ ಈಕೆ ಮದುವೆಯಾಗಿ ಮನೆಗೆ ಬಂದಾಗ ಅವನಿಗೆ ಹತ್ತು ವರ್ಷ. ತಾಯಿಯಿಲ್ಲದ ಮನೆಯಲ್ಲಿ ಅವನಿಗೆ ಬಡಿಸಿ, ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದವಳು. ಭಾನುವಾರ ಬಂದು ನೋಡುತ್ತೇನೆಂದ.

ಭಾನುವಾರದ ಹೊತ್ತಿಗೆ ಜೋಳ ಕೊಯ್ದು ಹೊಲ ಬಯಲಾಗಿತ್ತು. ಕೆಳಗಿನ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಹುಲಿಯಪ್ಪ ಇಬ್ಬರನ್ನೂ ಎರಡೂ ಹೊಲಗಳ ನಡುವಿನ ಗಡಿಯ ಬಾಂದುಕಲ್ಲಿನ ಹತ್ತಿರ ಕರೆದುಕೊಂಡು ಹೋದ. ಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು.

"ಹಿಸ್ಸೆ ಆದ ದಿನ ಕಲ್ಲೆಲ್ಲ ನಾನೇ ನೆಟ್ಟಿದ್ದು, ಯಜಮಾನ್ರೆ. ಎಲ್ಲಾ ಮೊಣಕಾಲೆತ್ತರ. ಇದು ಹೂತೋಗೈತೆ. ಮ್ಯಾಲಿಂದು ನೋಡ್ ಬರ್ರಿ."

ಮೇಲ್ಹೊಲದ ತುದಿಯ ಗಡಿಯ ಕಲ್ಲು ಬುಡಸಮೇತ ಬಯಲಾಗಿ ಒಂದು ಕಡೆಗೆ ವಾಲಿತ್ತು. ಸುತ್ತಲೂ ನೀರು ಕೊರೆದ ಸಣ್ಣ ಸಣ್ಣ ಕಾಲುವೆಗಳು, ಅವುಗಳ ತಳದಲ್ಲಿ ಬಿಳಿಯ ಗರಸು. ವಾಮದೇವಪ್ಪ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಎತ್ತಿದ. ಬೆರಳ ಸಂದಿಯಿಂದ ಹರಳು ಉದುರಿದವು. ತನ್ನ ಹೊಲದ ಬೆಳೆಯ ಬಗ್ಗೆ ತಾನು ಪೇಟೆಯಲ್ಲಿ ಆಡಿದ ದೊಡ್ಡ ಮಾತುಗಳು ನೆನಪಾದವು.

"ಎಷ್ಟು ಗಾಡಿ ಬೇಕೋ ಅಷ್ಟು ಹೊಡ್ಕಳ್ರಿ," ಎಂದ.

ಹುಲಿಯಪ್ಪ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಹೊಡ್ಕಂಡು ಏನು ಬಂತು? ಒಂದು ಜೋರು ಮಳೆ ಬಂದ್ರೆ ತಿರುಗಾ ಇಲ್ಲಿಗೇ ಇಳಿತೈತೆ. ಮೊದ್ಲು ಒಡ್ಡು ಹಾಕ್ಬೇಕು. ಹೋದ್ ವರ್ಷ ಒಡ್ಡಿನ ಅಳತೆಗೆ ಇಲಾಖೆಯೋರು ಬಂದಿದ್ರಲ್ಲ, ಎರಡೂ ಹೊಲದೋರು ಒಪ್ಪಬೇಕು ಅಂದ್ರು, ನೀವೇ ಬ್ಯಾಡ ಅಂದ್ರಿ."

ಮರುಳಸಿದ್ದಮ್ಮ ತಿರುಗಿ ನೋಡಿದಳು. ಅಳತೆಗೆ ಬಂದವರು ಮತ್ತೆ ಯಾಕೆ ಬರಲಿಲ್ಲ ಎಂದು ತಿಳಿಯದೆ ಆಕೆ ವರ್ಷವೆಲ್ಲ ಕಾದಿದ್ದಳು.

"ಒಡ್ಡಿಗೆ ಜಾಗ ಹೋಗ್ತೈತೆ ಅಂತ..." ಎಂದು ಶುರುಮಾಡಿದ ವಾಮದೇವಪ್ಪ ನಿಲ್ಲಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ಮ್ಯಾಲಿಂದ ಗೋಡುಮಣ್ಣು ಬರೋದು ನಿಂತೋಗ್ತೈತೆ ಅಂತ ಬ್ಯಾಡ ಅಂದೆ ಅತ್ಗೆಮ್ಮ," ಎಂದ.

"ಹಂಗಾದ್ರೆ ಗೊತ್ತಿತ್ತು ನಿನಗೆ."

ಅಷ್ಟೇ ಹೇಳಿ ಆಕೆ ಊರಿನ ದಾರಿ ಹಿಡಿದಳು. ಊಟಕ್ಕೆ ಕರೆಯಲಿಲ್ಲ. ವಾಮದೇವಪ್ಪ ಆ ದಿನ ಊಟ ಮಾಡದೆ ರೈಲು ಹತ್ತಿದ.

ಮರುದಿನ ಮಂಡಿಗೆ ಹೋಗದೆ ಹರಿಹರಕ್ಕೆ ಹೋದ. ಮಣ್ಣು ಸಂರಕ್ಷಣೆ ಇಲಾಖೆಯ ಕರಿಬಸವರಾಜ ಅಲ್ಲೊಂದು ಹೊಲದಲ್ಲಿ ಒಡ್ಡು ಹಾಕಿಸುತ್ತಿದ್ದ. ಬಿಸಿಲಲ್ಲಿ ನಿಂತೇ ವಾಮದೇವಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದ.

ಶಿವರಾತ್ರಿ ಕಳೆದ ಮೇಲೆ ಕರಿಬಸವರಾಜ ಮಾಯಕೊಂಡಕ್ಕೆ ಬಂದು, ಮಟ್ಟ ನೋಡುವ ಮೂರುಕಾಲಿನ ಯಂತ್ರ ನಿಲ್ಲಿಸಿ, ಎರಡೂ ಹೊಲಗಳಲ್ಲಿ ಸುಣ್ಣದ ಗೆರೆ ಎಳೆಸಿದ.

"ಗೆರೆ ಸೊಟ್ಟಗೈತಲ್ರಿ," ಎಂದಳು ಮರುಳಸಿದ್ದಮ್ಮ.

"ಮಟ್ಟ ಹೆಂಗೈತೋ ಹಂಗೇ ಹೋಗ್ಬೇಕಮ್ಮ. ನೆಟ್ಟಗೆ ಹಾಕಿದ್ರೆ ನೀರು ತಗ್ಗಿಗೆ ನುಗ್ಗಿ ಒಡೀತೈತೆ. ಹೆಚ್ಚಿನ ನೀರು ಹೋಗಾಕೆ ಕಲ್ಲು ಜೋಡ್ಸಿ ಒಂದು ಬಾಯಿ ಬಿಡಾಣ. ಇನ್ಮ್ಯಾಲೆ ಇಳಿಜಾರಿಗೆ ನೇಗಿಲು ಹೊಡೀಬ್ಯಾಡ್ರಿ, ಅಡ್ಡಕ್ಕೆ ಹೊಡೀರಿ. ಒಡ್ಡಿನ ಮ್ಯಾಲೆ ಹುಲ್ಲು ಬೆಳೆಸ್ರಿ."

ಬೇಸಿಗೆಯಲ್ಲಿ ಒಡ್ಡುಗಳು ಎದ್ದವು. ಆಮೇಲೆ ಹುಲಿಯಪ್ಪನ ಗಾಡಿಯೂ ಮರುಳಸಿದ್ದಮ್ಮನ ಗಾಡಿಯೂ ಸೇರಿ, ಬಾಂದುಕಲ್ಲಿನ ಸುತ್ತ ಸೇರಿಕೊಂಡಿದ್ದ ಗೋಡುಮಣ್ಣನ್ನು ಮೇಲಕ್ಕೆ ಸಾಗಿಸಿದವು. ಎಂಟೆಕರೆಗೆ ಅದು ಸಾಲಲಿಲ್ಲ. ಎರಡೆಕರೆಗೆ ಆಯಿತು. ವಾಮದೇವಪ್ಪ ಎರಡು ಸಲ ಬಂದು ಹೋದ. ಅತ್ತಿಗೆ ಅವನೊಡನೆ ಮಾತಾಡಲಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಅವನು ಮತ್ತೆ ರೈಲಿಳಿದು ಹೊಲಕ್ಕೆ ನಡೆದ. ಒಡ್ಡಿನ ಹಿಂದೆ ನೀರು ನಿಂತಿತ್ತು. ಕಲ್ಲಿನ ಬಾಯಿಂದ ಒಂದು ಎಳೆ ಮಾತ್ರ ಅವನ ಹೊಲಕ್ಕೆ ಇಳಿಯುತ್ತಿತ್ತು. ಅದರಲ್ಲಿ ಕೈಯದ್ದಿದ. ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು.

ಒಡ್ಡಿನ ಮೇಲೆ ಮರುಳಸಿದ್ದಮ್ಮ ಸೆರಗು ಸಿಕ್ಕಿಸಿ ಕೂತು, ಬುಟ್ಟಿಯಿಂದ ಗರಿಕೆಯ ಹೆಂಟೆಗಳನ್ನು ತೆಗೆದು ನೆಡುತ್ತಿದ್ದಳು. ತಲೆಯೆತ್ತಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತೇ ಇದ್ದ.

"ಸುಮ್ನೆ ನಿಂತ್ಕಂಡ್ರೆ ಹೆಂಗೆ?" ಎಂದಳು ಆಕೆ. "ಹಿಂದ್ಹಿಂದೆ ತುಳ್ಕಂಡು ಬಾ. ಬೇರು ಕೂಡ್ಬೇಕು."

ವಾಮದೇವಪ್ಪ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಒಡ್ಡು ಹತ್ತಿದ. ಮೊದಲ ಗರಿಕೆಯನ್ನು ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದ. ಹಸಿ ಮಣ್ಣು ಬೆರಳುಗಳ ನಡುವೆ ಎದ್ದಿತು. ಆಕೆ ಬುಟ್ಟಿಯನ್ನು ಒಂದು ಮಾರು ಮುಂದಕ್ಕೆ ಸರಿಸಿದಳು.